ಉಗುರಿಗೆ ಸಿಕ್ಕಿದ ಗೀರು

ಅಪ್ಪನ ಹಳೇ ಮಾರುತಿ 800ರ ಎಂಜಿನ್ ಬಿಚ್ಚಿದಾಗ ನನ್ನ ಕೈಯಿಂದಲೇ ಒಂದು ಎಡವಟ್ಟಾಯಿತು. ಅದನ್ನು ಸರಿಮಾಡಲು ಹೋಗಿ ಕಲಿತದ್ದು ಇಲ್ಲಿದೆ.

'ಟಕ್' ಅಂತ ಒಂದು ಸಣ್ಣ ಸದ್ದು ಬಂತು. ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ಮ್ಯಾನೇಜರ್ ಏನೋ ಕೇಳುತ್ತಿದ್ದರು. ನನ್ನ ಬಲಗೈಯಲ್ಲಿ ಕ್ಯಾಮ್‌ಶಾಫ್ಟ್ ಅರ್ಧ ಹೊರಗೆ ಬಂದಿತ್ತು. "ಹ್ಞಾಂ ಸರ್, ಇವತ್ತೇ ನೋಡ್ತೀನಿ" ಅಂದ ಆ ಒಂದು ಕ್ಷಣದಲ್ಲಿ ಕೈ ವಾಲಿತು. ಶಾಫ್ಟಿನ ಅಂಚು ಒಳಗೆಲ್ಲೋ ತಗುಲಿತು. ನಾನೋ, ಸಿಕ್ಕಿಕೊಂಡಿದೆ ಅಂದುಕೊಂಡು ಇನ್ನೂ ಸ್ವಲ್ಪ ಜೋರಾಗಿಯೇ ಎಳೆದೆ.

ಕಾಲ್ ಮುಗಿದ ಮೇಲೆ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎರಡನೇ ಬೇರಿಂಗಿನ ಒಳಗೋಡೆಯ ಮೇಲೆ ಬೆಳ್ಳಗೆ ಹೊಳೆಯುವ ಒಂದು ಗೆರೆ. ಉಗುರು ಆಡಿಸಿದೆ. ಸಿಕ್ಕಿಕೊಂಡಿತು.

ಈ ಕಾರು ಯಾಕೆ ಬೇಕು

ಕಾರು 1998ರದ್ದು, ಕಾರ್ಬುರೇಟರ್ ಕಾಲದ್ದು. ಅಪ್ಪ ಆಗ ಕುಣಿಗಲ್‌ನಲ್ಲಿ ಹೈಸ್ಕೂಲು ಗಣಿತದ ಮೇಷ್ಟ್ರು. ಸಾಲ ಮಾಡಿ ತಗೊಂಡಿದ್ದು. ನನಗೆ ಮೂರು ವರ್ಷ ಇರಬಹುದು. ಹಿಂದಿನ ಸೀಟಿನ ಮೇಲೆ ನಿಂತು ಕುಣಿಗಲ್ ಕೆರೆ ನೋಡುತ್ತಿದ್ದದ್ದು ನನ್ನ ತೀರಾ ಹಳೆಯ ನೆನಪು. ರಿಟೈರ್ ಆದ ಮೇಲೆ ಅಪ್ಪ, ಅಮ್ಮ ಗುಬ್ಬಿಯ ಮನೆಗೆ ಬಂದರು, ಕಾರೂ ಬಂತು. ನಾನು ತುಮಕೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ವಾರಕ್ಕೆ ಮೂರು ದಿನ ರೈಲು ಹತ್ತಿ ಬೆಂಗಳೂರಿನ ಆಫೀಸಿಗೆ ಹೋಗುವವನು.

ಹೋದ ವರ್ಷ ಕುಣಿಗಲ್‌ನಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಹೆಬ್ಬೂರಿನ ಹತ್ತಿರ ಎಂಜಿನ್ ಕಾದು ಹಬೆ ಎದ್ದಿತು. ಎಣ್ಣೆ ಹಾಕುವ ಮುಚ್ಚಳ ತೆಗೆದು ನೋಡಿದರೆ ಒಳಗೆ ಹಾಲು ಹಾಕಿದ ಕಾಫಿಯಂಥ ಕೆನೆ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಎಣ್ಣೆಗೆ ಸೇರಿದ ಲಕ್ಷಣ ಅದು.

"ಗುಜರಿಗೆ ಹಾಕಿಬಿಡೋಣ ಕಣೋ. ಆಯಸ್ಸು ಮುಗೀತು" ಅಂದರು ಅಪ್ಪ. ಮಾತು ಹಾಗೆ ಬಂದರೂ ಮುಖ ಬೇರೆ ಏನೋ ಹೇಳುತ್ತಿತ್ತು. ನಾನು ಜಂಬದಿಂದ ಹೇಳಿದೆ, "ಬೇಡ. ನಾನೇ ಬಿಚ್ಚಿ ಸರಿ ಮಾಡ್ತೀನಿ. ಆಯುಧಪೂಜೆಗೆ ಕಾರು ಮನೆ ಮುಂದೆ ನಿಂತಿರುತ್ತೆ."

ಎಂಜಿನಿಯರಿಂಗ್ ಡಿಗ್ರಿ ಇದೆ, ನಿಜ. ಆದರೆ ಕಾಲೇಜು ಬಿಟ್ಟ ಮೇಲೆ ನಾನು ಮುಟ್ಟಿದ್ದೆಲ್ಲ ಕೀಬೋರ್ಡು. ಅದಕ್ಕೇ ಗುಬ್ಬಿಯ ನಮ್ಮ ಮೆಕ್ಯಾನಿಕ್ ಅಣ್ಣನ ಶೆಡ್ಡಿನಲ್ಲಿ, ಅವರ ಕಣ್ಣೆದುರಿಗೆ ಗಣೇಶನ ಹಬ್ಬದ ರಜೆಯಲ್ಲಿ ಕೆಲಸ ಶುರು ಮಾಡಿದೆ. ಗೀರು ಬಿದ್ದ ಗಳಿಗೆಯಲ್ಲಿ ಮಾತ್ರ ಅಣ್ಣ ಟೀ ಕುಡಿಯಲು ಹೋಗಿದ್ದರು.

ಬೇರಿಂಗೇ ಇಲ್ಲದ ಬೇರಿಂಗ್

ಕ್ಯಾಮ್‌ಶಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಎಂಜಿನ್ನಿಗೆ ಪೆಟ್ರೋಲು-ಗಾಳಿ ಒಳಗೆ ಬರಲು, ಹೊಗೆ ಹೊರಗೆ ಹೋಗಲು ವಾಲ್ವ್ ಎಂಬ ಬಾಗಿಲುಗಳಿವೆ. ಅವನ್ನು ಸಮಯಕ್ಕೆ ಸರಿಯಾಗಿ ತೆರೆಸುವುದು ಕ್ಯಾಮ್‌ಶಾಫ್ಟ್. ಮೊಟ್ಟೆಯಾಕಾರದ ಉಬ್ಬುಗಳಿರುವ ಒಂದು ಕಬ್ಬಿಣದ ಕೋಲು ಅದು. ಕೆಳಗಿರುವ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಗಾಡಿ 4000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಕ್ಯಾಮ್ ನಿಮಿಷಕ್ಕೆ 2000 ಸಲ ತಿರುಗುತ್ತಿರುತ್ತದೆ.

ಈ ಕೋಲು ಎಲ್ಲೋ ಕೂತು ತಿರುಗಬೇಕಲ್ಲ, ಆ ಜಾಗವೇ ಬೇರಿಂಗ್. ಎಷ್ಟೋ 100 ಸಿಸಿ ಬೈಕುಗಳಲ್ಲಿ ಅಲ್ಲಿ ಗುಂಡುಗಳಿರುವ ಬೇರಿಂಗ್ ಇರುತ್ತದೆ. ಹೋದರೆ ಕಿತ್ತು ಹೊಸದು ಹಾಕಬಹುದು. ಅಂಬಾಸಿಡರ್‌ನಂಥ ಹಳೇ ಕಾರುಗಳಲ್ಲಿ ಕ್ಯಾಮ್ ಕೆಳಗೆ ಬ್ಲಾಕಿನ ಒಳಗಿರುತ್ತದೆ. ಅಲ್ಲಿ ಮೆತ್ತನೆ ಲೋಹ ಸವರಿದ ತೆಳು ಬುಶ್‌ಗಳು. ಅವನ್ನೂ ಬದಲಿಸಬಹುದು.

ಮಾರುತಿ 800ರಲ್ಲಿ ಇವೆರಡೂ ಇಲ್ಲ. ಅಲ್ಯೂಮಿನಿಯಂ ಹೆಡ್‌ನಲ್ಲೇ ದುಂಡಗೆ ಕೊರೆದ ಗೂಡುಗಳಿವೆ. ಕ್ಯಾಮ್ ನೇರವಾಗಿ ಅದರೊಳಗೆ ತಿರುಗುತ್ತದೆ. ಅಂದರೆ ಹೆಡ್ಡೇ ಬೇರಿಂಗ್. ಗೀರು ಬಿದ್ದರೆ ಅಂಗಡಿಗೆ ಹೋಗಿ "ಒಂದು ಬೇರಿಂಗ್ ಕೊಡಿ" ಅನ್ನುವ ಹಾಗಿಲ್ಲ. ಕಂಪನಿಯ ಪುಸ್ತಕದ ಪ್ರಕಾರ ಗೂಡು ಕೆಟ್ಟಿದ್ದರೆ ಪೂರ್ತಿ ಹೆಡ್ ಬದಲಿಸಬೇಕು.

ಇದು ನನಗೆ ಆ ಗಳಿಗೆಯಲ್ಲಿ ಗೊತ್ತಿತ್ತು. ಅದಕ್ಕೇ ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಆಫೀಸಿನ ಕೋಡ್ ಕೆಟ್ಟರೆ ಹಿಂದಿನ ವರ್ಷನ್‌ಗೆ ಹೋಗಬಹುದು. ಅಲ್ಯೂಮಿನಿಯಂಗೆ ಆ ಸೌಲಭ್ಯ ಇಲ್ಲ.

ಎರಡು ಸಲಹೆ, ಒಂದು ಸುಳ್ಳು

ಟೀ ಮುಗಿಸಿ ಬಂದ ಅಣ್ಣನಿಗೆ ತೋರಿಸಿದೆ. ಟಾರ್ಚ್ ಹಿಡಿದು ಬಗ್ಗಿ ನೋಡಿದರು. "ಏನೂ ಆಗಲ್ಲ ತಮ್ಮಾ. ಎಣ್ಣೆ ಹಚ್ಚಿ ಹಾಕ್ಬುಡು. ಇಂಥವು ಎಷ್ಟೋ ಓಡ್ತಾವೆ."

ಸಮಾಧಾನ ಆಗಲಿಲ್ಲ. ಮಾರನೇ ದಿನ ತುಮಕೂರಿನ ಒಂದು ಬಿಡಿಭಾಗದ ಅಂಗಡಿಯಲ್ಲಿ ಮೊಬೈಲಿನ ಫೋಟೋ ತೋರಿಸಿದೆ. "ಸಾರ್, ಇದು ಮುಗೀತು. ಹೆಡ್ ಚೇಂಜ್ ಮಾಡಿ, ತಲೆನೋವೇ ಇರಲ್ಲ." ಹೊಸದರ ಬೆಲೆ ಕೇಳಿದರೆ ಆ ಹಳೇ ಕಾರಿನ ಬೆಲೆಯ ಒಂದು ದೊಡ್ಡ ಪಾಲು. ಹಳೇದು ಕಡಿಮೆಗೆ ಸಿಗುತ್ತದೆ. ಆದರೆ ಅದು ಯಾವ ಕಾರಿನದ್ದೋ, ಎಷ್ಟು ಕಾದಿತ್ತೋ, ಅದರ ಗೂಡುಗಳು ಹೇಗಿವೆಯೋ ಯಾರಿಗೆ ಗೊತ್ತು? ನನ್ನ ಗೀರು ಬಿಟ್ಟು ಬೇರೆಯವರ ಗೀರು ತಂದುಕೊಂಡಂತೆ.

ಸಂಜೆ ಅಪ್ಪ ಫೋನ್ ಮಾಡಿದರು. "ಎಲ್ಲಿಗೆ ಬಂತೋ?"

"ಎಲ್ಲ ಸರಿ ಇದೆ ಅಪ್ಪಾ."

ಆಮೇಲಿನ ನಾಲ್ಕು ದಿನ ಅವರ ಫೋನ್ ಎತ್ತಲಿಲ್ಲ. ಮೀಟಿಂಗ್ ಇದೆ ಅಂತ ಮೆಸೇಜ್ ಹಾಕಿದೆ. ಮೂವತ್ತು ವರ್ಷದವನು, ಸ್ಕೂಲಿನಲ್ಲಿ ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟ ಹುಡುಗನ ಹಾಗೆ ಆಗಿಬಿಟ್ಟಿದ್ದೆ.

ಶನಿವಾರ ಗುಬ್ಬಿಗೆ ಹೋದವನು ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಕಾಲ್ ಬಂದಿದ್ದು, ಕೈ ವಾಲಿದ್ದು, ಜೋರಾಗಿ ಎಳೆದದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು ಎಲ್ಲಾ. ಅಪ್ಪ ಬೈಯಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಆಳ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಣ್ಣನೂ ಅಳತೆ ಮಾಡಿರಲಿಲ್ಲ, ಅಂಗಡಿಯವರೂ ಮಾಡಿರಲಿಲ್ಲ, ನಾನಂತೂ ಮಾಡಿಯೇ ಇರಲಿಲ್ಲ. 'ಏನೂ ಆಗಲ್ಲ' ಮತ್ತು 'ಮುಗೀತು' ಎರಡೂ ಬರೀ ಕಣ್ಣಳತೆಯ ತೀರ್ಪು.

"ಅಳತೆನೇ ಇಲ್ದೆ ಒಂದು ವಾರ ಹೆದರಿಕೊಂಡಿದ್ಯಲ್ಲೋ" ಅಂದರು ಅಪ್ಪ, ಮತ್ತೆ ಊಟ ಮುಂದುವರಿಸಿದರು.

ಎಚ್‌ಎಂಟಿ ಅಂಕಲ್ ಮನೆಯ ಟೇಬಲ್ ಮೇಲೆ

ತುಮಕೂರಿನ ನನ್ನ ಬಾಡಿಗೆ ಮನೆಯ ಹಿಂದಿನ ಬೀದಿಯಲ್ಲಿ ಎಚ್‌ಎಂಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಬೀದಿಗೆಲ್ಲ ಅವರು ಎಚ್‌ಎಂಟಿ ಅಂಕಲ್. ತುಮಕೂರಿನಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ 1978ರಲ್ಲಿ ಶುರುವಾಗಿತ್ತು. ಈಗ ಕಾರ್ಖಾನೆ ಇಲ್ಲ, ಆ ಜಾಗ ಇಸ್ರೋಗೆ ಹೋಗಿದೆ. ಆದರೆ ಅಲ್ಲಿ ಕೆಲಸ ಕಲಿತವರ ಕೈ ಇನ್ನೂ ಈ ಊರಿನಲ್ಲಿದೆ.

ಬಟ್ಟೆಯಲ್ಲಿ ಸುತ್ತಿದ ಹೆಡ್ಡನ್ನು ಮಗುವಿನಂತೆ ಎತ್ತಿಕೊಂಡು ಹೋದೆ. ಅವರು ಕಣ್ಣಿಗೆ ಗಡಿಯಾರ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ಎಚ್‌ಎಂಟಿ ಜನತಾ ವಾಚಲ್ಲಿ 17 ಜ್ಯುವೆಲ್ ಅಂತಿರ್ತಿತ್ತಲ್ಲ, ಯಾಕೆ ಗೊತ್ತಾ?"

ಅಲಂಕಾರಕ್ಕೆ ಅಂದುಕೊಂಡಿದ್ದೆ. ಅಲ್ಲವಂತೆ. ಅದರಲ್ಲಿ ಬಹುಪಾಲು ಕೆಂಪು ಕಲ್ಲುಗಳು ಬೇರಿಂಗ್‌ಗಳೇ. ಚಕ್ರದ ತುದಿ ಸವೆಯದೆ ತಿರುಗಲಿ ಅಂತ ಗಟ್ಟಿ ಕಲ್ಲಿನ ಗೂಡು, ಅದಕ್ಕೊಂದು ಸೂಜಿಮೊನೆಯಷ್ಟು ಎಣ್ಣೆ. "ವಾಚಾಗ್ಲಿ ಕಾರಾಗ್ಲಿ, ಬೇರಿಂಗ್ ಅಂದ್ರೆ ಕೇಳ್ಬೇಕಾದ್ದು ಎಣ್ಣೆ ಎಲ್ಲಿ ನಿಲ್ಲುತ್ತೆ ಅಂತ" ಅಂದರು.

ಆಮೇಲೆ ಅವರು ಹೇಳಿದ್ದನ್ನು ಮನೆಗೆ ಬಂದು ಓದಿಕೊಂಡೆ. ಎಂಜಿನ್ ಓಡುವಾಗ ಕ್ಯಾಮ್ ಗೂಡಿನ ಲೋಹವನ್ನು ಮುಟ್ಟುವುದೇ ಇಲ್ಲ. ತಿರುಗುವ ಶಾಫ್ಟ್ ತನ್ನ ಜೊತೆ ಎಣ್ಣೆಯನ್ನು ಎಳೆದುಕೊಂಡು ಕಿರಿದಾದ ಸಂದಿಗೆ ತುರುಕುತ್ತದೆ. ಆ ಒತ್ತಡದ ಮೇಲೆ ಶಾಫ್ಟ್ ತೇಲುತ್ತದೆ. ಜೋರು ಮಳೆಯಲ್ಲಿ ಹೈವೇ ಮೇಲೆ ಟೈರು ನೀರಿನ ಮೇಲೆ ತೇಲುತ್ತದಲ್ಲ, ಅದೇ ತತ್ವ. ರಸ್ತೆಯಲ್ಲಿ ಅದು ಅಪಾಯ, ಬೇರಿಂಗಿನಲ್ಲಿ ಅದೇ ಪ್ರಾಣ.

ಇದು ಗೊತ್ತಾದ ಕಥೆಯೂ ಚೆನ್ನಾಗಿದೆ. 1880ರ ದಶಕದಲ್ಲಿ ಟವರ್ ಎಂಬ ಬ್ರಿಟಿಷ್ ಎಂಜಿನಿಯರ್ ರೈಲು ಗಾಲಿಯ ಬೇರಿಂಗ್‌ಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದರೆ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಕಾರ್ಕ್ ತುರುಕಿದರು, ಅದನ್ನು ತಳ್ಳಿತು. ಮರದ ಬೆಣೆ ಬಡಿದರು, ಅದನ್ನೂ ತಳ್ಳಿತು. ಒಳಗಿನ ಎಣ್ಣೆಗೆ ಅಷ್ಟು ಒತ್ತಡ ಇದೆ ಅಂತ ಗೊತ್ತಾದದ್ದು ಹಾಗೆ. 1886ರಲ್ಲಿ ರೆನಾಲ್ಡ್ಸ್ ಎಂಬ ವಿಜ್ಞಾನಿ ಅದರ ಗಣಿತ ಬರೆದರು. ಆ ಸಮೀಕರಣವನ್ನು ನಾನು ಕಾಲೇಜಿನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಈಗ.

ತಗ್ಗು ಕೆಡಿಸಲ್ಲ, ದಿಣ್ಣೆ ಕೆಡಿಸುತ್ತೆ

ಅಂಕಲ್ ಮೊದಲು ಗೂಡಿನ ಒಳ ಅಳತೆ, ಶಾಫ್ಟಿನ ಹೊರ ಅಳತೆ ಎರಡನ್ನೂ ಮೈಕ್ರೋಮೀಟರ್ ಹಿಡಿದು ತೆಗೆದರು. ನಡುವಿನ ಸಂದಿ ಮಿಲಿಮೀಟರಿನ ನೂರರಲ್ಲಿ ಏಳು ಭಾಗ, ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಇಂಥ ಎಂಜಿನ್ನಿಗೆ ಇದು ಒಪ್ಪುವ ಅಳತೆ. ಗೀರಿನ ಆಳ ಸುಮಾರು ನೂರರಲ್ಲಿ ನಾಲ್ಕು ಭಾಗ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆದರೆ ಆಳ ಒಂದೇ ಸಾಲದು ಅಂತ ಅಂಕಲ್ ಇನ್ನೂ ಮೂರು ವಿಷಯ ನೋಡಿದರು.

ಮೊದಲನೆಯದು, ಗೀರು ಎಲ್ಲಿದೆ. ವಾಲ್ವ್ ಸ್ಪ್ರಿಂಗುಗಳ ಒತ್ತಡದಿಂದ ಕ್ಯಾಮ್ ಕೆಳಕ್ಕೆ ಅದುಮಿಕೊಳ್ಳುತ್ತದೆ. ಭಾರವೆಲ್ಲ ಗೂಡಿನ ತಳದ ಮೇಲೆ. ಎಣ್ಣೆಯ ಒತ್ತಡ ಏಳಬೇಕಾದದ್ದೂ ಅಲ್ಲೇ. ನಾನು ಹೆಡ್ಡನ್ನು ಮಗ್ಗುಲಾಗಿ ಮಲಗಿಸಿ ಕ್ಯಾಮ್ ಎಳೆದಿದ್ದರಿಂದ ಗೀರು ಪಕ್ಕದ ಗೋಡೆಯ ಮೇಲೆ ಬಿದ್ದಿತ್ತು. ಇದು ನನ್ನ ಜಾಣತನ ಅಲ್ಲ, ಅದೃಷ್ಟ.

ಎರಡನೆಯದು, ಎಲ್ಲಿಂದ ಎಲ್ಲಿಗೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪೂರ್ತಿ ಹರಿದಿದ್ದರೆ ಅದು ಎಣ್ಣೆಗೆ ಕಾಲುವೆ ತೋಡಿಕೊಟ್ಟ ಹಾಗೆ. ಒತ್ತಡ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ನನ್ನದು ಒಂದು ಅಂಚಿನಲ್ಲಿ ಶುರುವಾಗಿ ಅರ್ಧಕ್ಕೇ ನಿಂತಿತ್ತು.

ಮೂರನೆಯದೇ ಮುಖ್ಯ. ಗೀರಿನ ದಡ. ನೇಗಿಲು ಹೊಡೆದಾಗ ಸಾಲಿನ ಎರಡೂ ಕಡೆ ಮಣ್ಣು ಏಳುತ್ತದಲ್ಲ, ಹಾಗೆ ಗೀರಿನ ಅಂಚಿನಲ್ಲಿ ಲೋಹ ಏಳುತ್ತದೆ. "ತಗ್ಗಿನಲ್ಲಿ ಎಣ್ಣೆ ತುಂಬ್ಕೊಳ್ಳುತ್ತೆ, ಅದು ಪಾಪ ಏನೂ ಮಾಡಲ್ಲ. ಈ ದಿಣ್ಣೆ ಇದ್ಯಲ್ಲ, ಇದು ಎಣ್ಣೆ ಪದರ ಹರಿದು ಶಾಫ್ಟ್ ಮುಟ್ಟುತ್ತೆ. ಮುಟ್ಟಿದ್ ಕಡೆ ಕಾಯುತ್ತೆ, ಅಂಟುತ್ತೆ, ಇನ್ನೊಂದು ಗೀರು ಹಾಕುತ್ತೆ. ನೀನು ಹೆದರ್ಬೇಕಾದ್ದು ಇದಕ್ಕೆ."

ಅದನ್ನು ಕಣ್ಣಿಗೆ ತೋರಿಸಿಯೂ ಕೊಟ್ಟರು. ಫಿಟ್ಟಿಂಗ್ ಕೆಲಸದಲ್ಲಿ ಬಳಸುವ ನೀಲಿ ಬಣ್ಣವನ್ನು ಶಾಫ್ಟಿಗೆ ತೆಳ್ಳಗೆ ಸವರಿ, ಗೂಡಿನೊಳಗೆ ಮೆಲ್ಲಗೆ ಕೂರಿಸಿ, ತಿರುಗಿಸಿ ಹೊರಗೆ ತೆಗೆದರು. ಗೀರಿನ ದಡದ ಮೇಲೆ ಕೂದಲೆಳೆಯಂಥ ಗಾಢ ನೀಲಿ ಗೆರೆ! ಅಣ್ಣ ಹೇಳಿದಂತೆ ಎಣ್ಣೆ ಹಚ್ಚಿ ಹಾಗೇ ಹಾಕಿದ್ದರೆ ಎಂಜಿನ್ ಶುರುವಾದ ಮೊದಲ ನಿಮಿಷದಿಂದಲೇ ಅದು ಶಾಫ್ಟನ್ನು ಕೆರೆಯುತ್ತಿತ್ತು.

ಹಾಗಾದರೆ ಎಮೆರಿ ಪೇಪರ್ ಹಾಕಿ ಗೀರು ಹೋಗುವವರೆಗೂ ಉಜ್ಜೋಣವಾ ಅಂದೆ. ಅಂಕಲ್ ನನ್ನ ಕೈ ಹಿಡಿದುಕೊಂಡರು. ಗೀರು ಮಾಯವಾಗುವಷ್ಟು ಉಜ್ಜಿದರೆ ಸುತ್ತಲಿನ ಒಳ್ಳೆಯ ಲೋಹವೂ ಹೋಗಿ ಗೂಡು ದೊಡ್ಡದಾಗುತ್ತದೆ, ದುಂಡಗೂ ಉಳಿಯುವುದಿಲ್ಲ. ಗೀರು ಮಾಡದ ಹಾನಿಯನ್ನು ರಿಪೇರಿ ಮಾಡುತ್ತದೆ.

ಅವರು ಮಾಡಿದ್ದು ಇಷ್ಟೇ. ಚಿಕ್ಕ ಸ್ಕ್ರೇಪರ್ ಹಿಡಿದು ಎದ್ದ ದಡವನ್ನು ಮಾತ್ರ ಹೆರೆದರು, ಉಸಿರು ಬಿಗಿಹಿಡಿದು, ಐದಾರು ಸಲ. ಮತ್ತೆ ನೀಲಿ, ಮತ್ತೆ ನೋಡುವುದು, ಮತ್ತೆ ಒಂದು ಸಲ ಹೆರೆಯುವುದು. ಕೊನೆಗೆ ತೀರಾ ನುಣುಪಾದ ಎಮೆರಿಗೆ ಎಣ್ಣೆ ಹಚ್ಚಿ ಒಂದೆರಡು ಸಲ ಸವರಿದರು. ನಾಲ್ಕನೇ ಸಲಕ್ಕೆ ನೀಲಿ ಎಲ್ಲ ಕಡೆ ಸಮನಾಗಿ ಕೂತಿತು. ಗೀರು ಹಾಗೇ ಇತ್ತು, ಉಗುರು ಆಡಿಸಿದರೆ ಅಂಚು ಮಾತ್ರ ಚುಚ್ಚುತ್ತಿರಲಿಲ್ಲ.

ತೊಳೆಯೋದೂ ರಿಪೇರಿನೇ

ಆಮೇಲಿನ ಒಂದು ಇಡೀ ದಿನ ತೊಳೆಯುವುದಕ್ಕೇ ಹೋಯಿತು. ಹೆರೆದ ಲೋಹದ ಪುಡಿ, ಎಮೆರಿಯ ಮರಳು ಒಂದು ಕಣ ಉಳಿದರೂ ಎಣ್ಣೆಯ ಜೊತೆ ಸುತ್ತುತ್ತದೆ. ಕ್ಯಾಮ್ ಇರುವುದು ಎಂಜಿನ್ನಿನ ನೆತ್ತಿಯಲ್ಲಿ, ಎಣ್ಣೆ ಪಂಪಿನಿಂದ ದೂರ. ಎಣ್ಣೆ ಹೋಗುವ ದಾರಿ ಕಟ್ಟಿಕೊಂಡರೆ ಮೊದಲು ಒಣಗುವುದೇ ಅಲ್ಲಿ. ಡೀಸೆಲ್‌ನಲ್ಲಿ ಅದ್ದಿ, ಬ್ರಷ್ ಹಾಕಿ, ಅಣ್ಣನ ಶೆಡ್ಡಿನ ಗಾಳಿ ಪೈಪಿನಿಂದ ಪ್ರತಿ ತೂತನ್ನೂ ಊದಿದೆವು. ಹೆಡ್ಡಿನ ತಳ ಸೊಟ್ಟಗಾಗಿದೆಯಾ ಅಂತ ನೋಡಿ ತುಮಕೂರಿನ ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿದ್ದಾಯಿತು.

ಜೋಡಿಸುವ ದಿನ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಹೆಡ್ಡನ್ನು ನೇರ ನಿಲ್ಲಿಸಿ, ಶಾಫ್ಟಿಗೆ ಧಾರಾಳವಾಗಿ ಎಣ್ಣೆ ಹಚ್ಚಿ, ಒಂದು ಕೈಯಲ್ಲಿ ತುದಿ, ಇನ್ನೊಂದು ಕೈಯಲ್ಲಿ ನಡು ಹಿಡಿದು ಒಳಗೆ ತಳ್ಳಿದೆ. ರಾಕರ್‌ಗಳನ್ನು ಕೂರಿಸುವ ಮೊದಲು ಎರಡು ಬೆರಳಲ್ಲಿ ತಿರುಗಿಸಿ ನೋಡಿದೆ. ಎಲ್ಲೂ ನಿಲ್ಲದೆ ತಿರುಗಿತು.

ಮೆಕ್ಯಾನಿಕ್ ಅಣ್ಣ ಪಕ್ಕದಲ್ಲೇ ಇದ್ದರು. ನೀಲಿ ಬಣ್ಣದ ಕಥೆ ಕೇಳಿ, "ಆ ನೀಲಿ ಎಲ್ ಸಿಗುತ್ತೆ ತಮ್ಮಾ?" ಅಂದರು. ಈಗ ಅವರ ಶೆಡ್ಡಿನಲ್ಲೂ ಒಂದು ಡಬ್ಬಿ ಇದೆ.

ನಿಮಗೂ ಹೀಗಾದರೆ

ನನ್ನದು ಸರಿಹೋಯಿತು ಅಂತ ಎಲ್ಲ ಗೀರೂ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಗೀರು ಭಾರ ಬೀಳುವ ತಳದಲ್ಲಿದ್ದು ಅಂಚಿನಿಂದ ಅಂಚಿಗೆ ಹರಿದಿದ್ದರೆ, ಗೂಡಿನಲ್ಲಿ ಲೋಹ ಕರಗಿ ಮೆತ್ತಿದಂತೆ ಕಂಡರೆ, ಸಂದಿ ಪುಸ್ತಕದ ಮಿತಿ ದಾಟಿದ್ದರೆ ಹೆರೆಯುವ ಮಾತೇ ಬೇಡ. ಆಗ ಬೇರೆ ಹೆಡ್ ಹಾಕಬೇಕು, ಅದನ್ನೂ ಅಳತೆ ಮಾಡಿಯೇ ತರಬೇಕು. ಗೂಡನ್ನು ಕೊರೆದು ಬುಶ್ ಕೂರಿಸುವವರೂ ಇದ್ದಾರೆ. ಆದರೆ ಎಲ್ಲ ಗೂಡುಗಳೂ ಒಂದೇ ನೇರದಲ್ಲಿ ಬರಬೇಕು. ಅದಕ್ಕೆ ಒಳ್ಳೆಯ ಮಷೀನು, ಪಳಗಿದ ಕೈ ಎರಡೂ ಬೇಕು.

ಇನ್ನೊಂದು. ಈ ಲೆಕ್ಕ ಕೆಳಗಿನ ಕ್ರ್ಯಾಂಕ್ ಬೇರಿಂಗಿಗೆ ಅನ್ವಯಿಸುವುದಿಲ್ಲ. ಅಲ್ಲಿ ಪಿಸ್ಟನ್ನಿನ ಪೂರ್ತಿ ಹೊಡೆತ ಬೀಳುತ್ತದೆ, ಅಲ್ಲಿರುವುದು ಬದಲಿಸಲೆಂದೇ ಮಾಡಿದ ತೆಳು ಶೆಲ್‌ಗಳು. ಗೀರಿದ್ದರೆ ಹೊಸದು ಹಾಕಿ. ಅಲ್ಲಿ ಉಳಿತಾಯ ನೋಡಬೇಡಿ.

ಹೆಬ್ಬೂರು ದಾಟಿ

ಆಯುಧಪೂಜೆಯ ಹಿಂದಿನ ದಿನ ಎಂಜಿನ್ ಶುರುವಾಯಿತು. ಎಣ್ಣೆಯ ಕೆಂಪು ದೀಪ ಎರಡು ಸೆಕೆಂಡಿನಲ್ಲಿ ಆರಿತು. ನಾನು ಬಾನೆಟ್ ಮೇಲೆ ಕಿವಿ ಇಟ್ಟುಕೊಂಡು ನಿಂತೆ. ಹೊಲಿಗೆ ಮಿಷನ್ನಿನಂಥ ಅದೇ ಹಳೇ ಸದ್ದು.

ಮಾರನೇ ದಿನ ಅಪ್ಪ ಕಾರಿಗೆ ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಸ್ಪ್ಯಾನರ್ ಸೆಟ್ಟಿಗೂ ಕುಂಕುಮ ಬಿತ್ತು. ಎಚ್‌ಎಂಟಿ ಅಂಕಲ್ ಕೊಟ್ಟುಬಿಟ್ಟಿದ್ದ ಆ ಚಿಕ್ಕ ಸ್ಕ್ರೇಪರ್ ಕೂಡ ಅದರ ಪಕ್ಕದಲ್ಲಿತ್ತು.

500 ಕಿಲೋಮೀಟರ್ ಓಡಿಸಿ ಎಣ್ಣೆ ಬದಲಿಸಿದೆ. ಅಲ್ಯೂಮಿನಿಯಂ ಪುಡಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕೆ ಹಳೇ ಎಣ್ಣೆಯನ್ನು ಬಿಳೀ ಪೇಪರಿನ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಹಿಡಿದು ನೋಡಿದೆ. ಬೆಳ್ಳಿ ಮಿನುಗು ಕಾಣಲಿಲ್ಲ. ಸಾವಿರ ದಾಟಿದ ಮೇಲೆ ಇನ್ನೊಮ್ಮೆ ನೋಡಿದೆ, ಆಗಲೂ ಇಲ್ಲ. ಪ್ರತಿ ಸಲ ಎಣ್ಣೆ ಬದಲಿಸುವಾಗ ನೋಡುತ್ತಲೇ ಇರಬೇಕು. ನನ್ನ ಗೀರಿಗೆ ನಾನೇ ಜವಾಬ್ದಾರ.

ಹೋದ ಭಾನುವಾರ ಅಪ್ಪನನ್ನು ಕುಣಿಗಲ್‌ಗೆ ಕರೆದುಕೊಂಡು ಹೋಗಿದ್ದೆ. ಹೆಬ್ಬೂರು ಬಂದಾಗ ಇಬ್ಬರೂ ಟೆಂಪರೇಚರ್ ಮುಳ್ಳಿನ ಕಡೆ ನೋಡಿದೆವು. ಅದು ಅರ್ಧಕ್ಕಿಂತ ಕೆಳಗೇ ಇತ್ತು. ಡ್ಯಾಶ್‌ಬೋರ್ಡ್ ಮೇಲಿದ್ದ ನನ್ನ ಫೋನ್ ರಿಂಗಾಯಿತು.

"ಎತ್ತಬೇಡ ಕಣೋ" ಅಂದರು ಅಪ್ಪ.

ಎತ್ತಲಿಲ್ಲ.